ತವರಿನ ಗಾಡಿಯ ಕಾರ್ಬೋರೇಟರು

ನಮ್ಮ ಮನೆಯಲ್ಲಿ ಎರಡಕ್ಕೆ ಹೆಸರಿಡುವ ಹಾಗಿಲ್ಲ. ಒಂದು ನನ್ನ ಹೆಂಡತಿ ಶಟ್ಟೆವ್ವ ಮಾಡುವ ಬೇಳೆಸಾರು, ಇನ್ನೊಂದು ಅವಳ ತವರಿನವರು ಕೊಟ್ಟ ಮೋಟಾರ್ ಸೈಕಲ್ಲು. ಸಾರಿಗೆ ಉಪ್ಪು ಕಡಿಮೆಯಾದರೆ ಸದ್ದಿಲ್ಲದೆ ಎದ್ದು ಹೋಗಿ ಹಾಕಿಕೊಳ್ಳಬಹುದು. ಗಾಡಿ ಚಾಲೂ ಆಗದಿದ್ದರೆ ಏನು ಮಾಡುವುದು? ಅದನ್ನು ಒದೆಯುವುದಿದ್ದರೂ ಅವಳ ಕಣ್ಣು ತಪ್ಪಿಸಿಯೇ ಒದೆಯಬೇಕು.

ಗಾಡಿ ಯಾವ ಕಂಪನಿಯದೆಂದು ನಾನು ಹೇಳುವುದಿಲ್ಲ. ಕಂಪನಿಯವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಮದುವೆಯಲ್ಲಿ ಮುರಗೋಡದ ನಮ್ಮ ಮಾವ ಈರಬಸಪ್ಪನವರು ಕೊಟ್ಟದ್ದು. ನಾವು ಕೇಳಿರಲಿಲ್ಲ. ನಮ್ಮಪ್ಪ 'ಬ್ಯಾಡ, ಬ್ಯಾಡ' ಎಂದು ಎರಡು ಸಲ ಅಂದದ್ದಕ್ಕೆ ನಾನೇ ಸಾಕ್ಷಿ. ಮೂರನೆಯ ಸಲ ಅನ್ನದಿರಲಿ ಎಂದು ಹಿಂದಿನಿಂದ ಅವನ ಧೋತರ ಜಗ್ಗಿದವನೂ ನಾನೇ.

ಆಮೇಲೆ ಅದರ ಟೈರು ಬದಲಾದವು, ಚೈನು ಬದಲಾಯಿತು, ಸೀಟು, ಕ್ಲಚ್ಚು, ಸೈಲೆನ್ಸರು ಎಲ್ಲ ಬದಲಾದವು. ಬದಲಾದ ಒಂದೊಂದು ಸಾಮಾನನ್ನೂ ಶಟ್ಟೆವ್ವ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಾಳೆ. "ಅವ್ವಾ, ಇನ್ನೊಂದ ಚೀಲ ತುಂಬಿತಂದ್ರ ಮ್ಯಾಲ ಒಂದ ಗಾಡಿ ಆಗತೈತಿ" ಎಂದು ನಮ್ಮ ಮಗ ಸಾಗರ ನಗುತ್ತಾನೆ. ಅವನ ಹತ್ತಿರ ಗುಂಡಿ ಒತ್ತಿದರೆ ಚಾಲೂ ಆಗುವ ಸ್ಕೂಟರಿದೆ. ಶಟ್ಟೆವ್ವ ಸಂತೆಗೆ ಅದರ ಮೇಲೆ ಹೋಗುತ್ತಾಳೆ. ಆದರೆ ತವರಿಗೆ ಹೋಗುವುದಿದ್ದರೆ ತವರಿನ ಗಾಡಿಯೇ ಆಗಬೇಕು.

ಎಲ್ಲ ಬದಲಾದರೂ ಒಂದನ್ನು ಮಾತ್ರ ಮುಟ್ಟಬಾರದೆಂದು ಆಕೆಯ ಕಟ್ಟಪ್ಪಣೆಯಿತ್ತು. ಅದು ಕಾರ್ಬೋರೇಟರು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸುವ, ಮುಷ್ಟಿ ಗಾತ್ರದ ಸಾಮಾನು. ಅದರ ತಳಕ್ಕೆ ಒಂದು ಪುಟ್ಟ ಬಟ್ಟಲಿರುತ್ತದೆ. ಟಾಕಿಯಿಂದ ಇಳಿದ ಪೆಟ್ರೋಲು ಮೊದಲು ಅದರಲ್ಲಿ ನಿಂತು, ಆಮೇಲೆ ಮೇಲಕ್ಕೇರುತ್ತದೆ.

"ಬೇಕಾದ್ದ ಬದಲಿ ಮಾಡ್ರಿ, ಆ ಬಟ್ಟಲಾ ಒಂದ ಬ್ಯಾಡ್ರಿ" ಎನ್ನುತ್ತಿದ್ದಳು. ಯಾಕೆಂದು ಕೇಳಿದರೆ "ಬ್ಯಾಡ ಅಂದ್ರ ಬ್ಯಾಡ" ಎನ್ನುತ್ತಿದ್ದಳು. ಸಿರಸಂಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ನನಗೆ ಯಂತ್ರದ ಜೊತೆ ವಾದ ಮಾಡಿ ರೂಢಿಯಿದೆ, ಶಟ್ಟೆವ್ವನ ಜೊತೆ ಇಲ್ಲ.

ಮತ್ತೆ ಸೋರುವುದೂ ಆ ಬಟ್ಟಲೇ. ಸುರಿಯುತ್ತಿರಲಿಲ್ಲ, ಸೋರುತ್ತಿತ್ತು. ಸುರಿದಿದ್ದರೆ ಯಾರಾದರೂ ಎಲ್ಲಿಂದ ಎಂದು ಹುಡುಕುತ್ತಿದ್ದರು. ಸೋರುವುದನ್ನು ಕಂಡ ಮೆಕ್ಯಾನಿಕ್ಕುಗಳೆಲ್ಲ ಒಳಗಿನ ವಾಶರು ಬದಲಿಸಿ, ಬಟ್ಟಲಿನ ತಳಕ್ಕೆ ಮೊದಲು ಸಾಬೂನು ಮೆತ್ತಿದರು, ಸಾಬೂನು ಕರಗಿದ ಮೇಲೆ ಎಮ್‌ಸೀಲು ಮೆತ್ತಿದರು. ಒಬ್ಬ ಮೆತ್ತಿದ್ದರ ಮೇಲೆ ಇನ್ನೊಬ್ಬ ಮೆತ್ತಿ ಮೆತ್ತಿ ಅದು ಕುಂಬಾರಹುಳದ ಗೂಡಾಗಿತ್ತು. ಆದರೂ ಸೋರಿತು. ಪೆಟ್ರೋಲು ಉಳಿಸಲೆಂದು ನಾನು ಟಾಕಿಯ ನಳವನ್ನು ಅರ್ಧವೇ ತಿರುವಿ ಗಾಡಿ ಓಡಿಸುತ್ತಿದ್ದೆ. ಸಪಾಟು ರಸ್ತೆಯಲ್ಲಿ ಅದು ನಡೆಯುತ್ತಿತ್ತು. ಏರು ಬಂತೆಂದರೆ ಇಂಜಿನ್ನಿಗೆ ಅರ್ಧ ಹೊಟ್ಟೆ ಸಾಲದೆ ಕುಂತುಬಿಡುತ್ತಿತ್ತು.

ಮುರಗೋಡದಲ್ಲಿ ಮಾವನ ಓಣಿಗೆ ಹೋಗಬೇಕಾದರೆ ಒಂದು ಏರಿದೆ. ದೇವರು ಯಾಕೆ ಇಟ್ಟನೋ.

ಹೋದ ದೀಪಾವಳಿಗೆ ಆ ಏರಿನ ನಡುವೆ ಗಾಡಿ ನಿಂತಿತು. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿ, ಈಗ ಮನೆಯ ಯಜಮಾನ ಶಟ್ಟೆವ್ವನ ತಮ್ಮ ಪರಪ್ಪ. ಅವನು ಕಟ್ಟೆಯಿಂದ ಇಳಿದು ಬಂದು, ಹಿಂದಿನಿಂದ ನೂಕಿ, ಮನೆಯ ಮುಂದೆ ತಂದು ನಿಲ್ಲಿಸಿದ. ನೂಕಿದ್ದಕ್ಕೆ ನನ್ನ ತಕರಾರಿಲ್ಲ. ನೂಕಿದ ಮೇಲೆ ಆಡಿದ ಮಾತಿಗೆ ಇದೆ.

"ಮಾಮಾ, ನಮ್ಮಪ್ಪ ಕೊಟ್ಟಾಗ ಇದು ಕುದುರಿ ಆಗಿತ್ತು. ನೀವು ಕತ್ತಿ ಮಾಡಿ ಇಟ್ಟೀರಿ."

"ಇದು ಮೊದಲಿಂದಾನೂ ಸೋರತೈತಿ, ಪರಪ್ಪಾ."

"ಕುಣ್ಯಾಕ ಬರದಾಕಿ ಅಂಗಳಾ ಡೊಂಕ ಅಂದಿದ್ಲಂತ" ಎಂದ ಅವನು. ಓಣಿಯ ಜನರೆಲ್ಲ ನಕ್ಕರು. "ಇನ್ನೊಮ್ಮಿ ಹಿಂಗ ನೂಕಿಸಿಕೊಂಡ ಬಂದ್ರ ಗಾಡಿ ಇಲ್ಲೇ ಬಿಟ್ಟ ಹೋಗ್ರಿ. ನಾವ ನೆಟ್ಟಗ ಇಟಗೋತೇವಿ. ಏನಕ್ಕಾ?"

ಶಟ್ಟೆವ್ವ ಸೀರೆಯ ಸೆರಗು ಸರಿಮಾಡಿಕೊಂಡು "ಅಂವ ಹೇಳೂದರಾಗ ಸುಳ್ಳೇನೈತಿ" ಎಂದಳು.

ಮೂವತ್ತು ವರ್ಷ ಹತ್ತಿರ ಬಂತು, ನಾನು ಅವಳ ತವರಿನ ಗಾಡಿಗೆ ಒಂದು ಮಾತು ಅಂದವನಲ್ಲ. ಅಂದು ಮಾತ್ರ ಮನಸ್ಸಿನಲ್ಲೇ ಹಟ ತೊಟ್ಟೆ. ಮುಂದಿನ ಸಲ ಈ ಗಾಡಿ ತನ್ನ ಕಾಲ ಮೇಲೆ ಏರು ಹತ್ತಬೇಕು, ಇಲ್ಲವಾದರೆ ನಾನು ನಡೆದು ಊರಿಗೆ ಬರಬೇಕು.

ಮುಂದಿನ ಸಲವೂ ಬೇಗನೆ ಬಂತು. ಪರಪ್ಪನ ಮಗಳು ಮಂಜುಳಾಳ ಕುಬಸ ಗೊತ್ತಾಯಿತು. ಬಸುರಿ ಹುಡುಗಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಸೋದರತ್ತೆ ಇಲ್ಲದೆ ನಡೆಯುವುದಿಲ್ಲ. ನಾನು ಗಿರಣಿಗೆ ಬೀಗ ಹಾಕಿ, ಗಾಡಿಯನ್ನು ಯರಗಟ್ಟಿಗೆ, ರಸೂಲಸಾಬರ ಗ್ಯಾರೇಜಿಗೆ ಒಯ್ದೆ.

ರಸೂಲಸಾಬರು ಹಳೆಯ ಗಾಡಿಗಳಲ್ಲಿ ಹೆಸರುವಾಸಿ. ಅವರ ಹೆಸರನ್ನು ಎಲ್ಲರಿಗಿಂತ ಹೆಚ್ಚು ಹೇಳುವವರೂ ಅವರೇ. ಗಾಡಿ ಇನ್ನೂ ಅಂಗಡಿಯೊಳಗೆ ಬಂದಿರಲಿಲ್ಲ, ಅಲ್ಲಿಂದಲೇ ಕೈ ಎತ್ತಿ ನಿಲ್ಲಿಸಿದರು.

"ಮುಂದ ಬರಬ್ಯಾಡ್ರಿ ಹಣಮಂತಣ್ಣ. ಅವಾಜ್ ಮ್ಯಾಲ ಹೇಳತೇನಿ. ವಾಶರ್ ಹೋಗೇತಿ."

ವಾಶರು ಹೊಸದಿತ್ತು. ಹಾಗಾದರೆ ಪೆಟ್ರೋಲು ತಡೆಯುವ ಸೂಜಿ ಹೋಗಿದೆ ಎಂದರು. ಸೂಜಿಯೂ ಸರಿಯಿತ್ತು. ಬಟ್ಟಲೊಳಗೆ ತೇಲುವ ಬೆಂಡು ತೂತಾಗಿರಬೇಕೆಂದು ನೀರಲ್ಲಿ ಮುಳುಗಿಸಿ ನೋಡಿದರು. ಅದೂ ಗಟ್ಟಿಮುಟ್ಟಾಗಿತ್ತು. "ನಾ ಇದನ್ನ ಮೊದಲ ಹೇಳಿದ್ನಿ, ಇದು ಸಾದಾ ಕೇಸ್ ಅಲ್ಲಂತ" ಎಂದರು. ಅವರು ಹಾಗೆ ಹೇಳಿದ್ದು ನನಗೆ ನೆನಪಿಲ್ಲ.

"ಹೊಸಾ ಕಾರ್ಬೋರೇಟರ್ ಹಾಕಿಬಿಡತೇನಿ, ಎಷ್ಟೊತ್ತಿನ ಕೆಲಸ?"

"ಮನ್ಯಾಗ ಹೊಸಾ ಹೇಣ್ತಿ ತಂದಂಗ ಆಗತೈತಿ, ಸಾಬರ. ಇದನ್ನ ರಿಪೇರಿ ಮಾಡ್ರಿ."

ಅವರು ಒಂದು ನಿಟ್ಟುಸಿರು ಬಿಟ್ಟು, ತಗಡಿನ ತಾಟಿನಲ್ಲಿ ಕಾರ್ಬೋರೇಟರನ್ನು ಬಿಚ್ಚಿ ಹರವಿದರು. ಪೆಟ್ರೋಲು ಹಾಯುವ ಸಣ್ಣ ತೂತಿನ ಹಿತ್ತಾಳೆಯ ಜೆಟ್ಟುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಒಂದೊಂದನ್ನೂ ಕಣ್ಣಿಗೆ ಹಿಡಿದು ಸೂರ್ಯನನ್ನು ನೋಡಿ, ಬಾಯಲ್ಲಿ ಊದಿದರು. ಅದೆಲ್ಲ ಮುಗಿದ ಮೇಲೆ ಬಟ್ಟಲನ್ನು ಮಗುಚಿ ಹಾಕಿ, ಉಳಿ ಹಿಡಿದು ಎಮ್‌ಸೀಲಿನ ಪದರು ಕೆತ್ತತೊಡಗಿದರು. ಒಂದು ಪದರು ಹೋಯಿತು, ಅದರಡಿ ಇನ್ನೊಂದು. ಒಬ್ಬೊಬ್ಬ ಮೆಕ್ಯಾನಿಕ್ಕಿನ ಬಣ್ಣ ಒಂದೊಂದು. ಕೊನೆಗೆ ಲೋಹ ಕಂಡಿತು. ಲೋಹದ ಮೇಲೆ ಚುಕ್ಕೆ ಚುಕ್ಕೆಯಾಗಿ ಅಕ್ಷರ ಕಂಡವು.

"ಅರೆ, ಇದು ಬಾಂಡೆ ಮ್ಯಾಲ ಹೆಸರು ಹಾಕಿದಂಗ ಐತಲ್ಲೋ" ಎಂದರು ರಸೂಲಸಾಬರು.

ಅದೇ ಆಗಿತ್ತು. ನಮ್ಮ ಕಡೆ ಮದುವೆಗೆ ಕೊಟ್ಟ ಕೊಡ, ತಂಬಿಗೆ, ತಾಟು, ಚಮಚ ಯಾವುದಿದ್ದರೂ ಕೊಟ್ಟವರ ಹೆಸರು ಕೊರೆಸದೆ ಕೊಡುವುದಿಲ್ಲ. ಬಾಂಡೆ ಅಂಗಡಿಯವನೇ ಸಣ್ಣ ಉಳಿಯಿಂದ ಟಿಕಿಟಿಕಿ ಬಡಿದು ಬರೆದುಕೊಡುತ್ತಾನೆ. ಆದರೆ ಮೋಟಾರ್ ಸೈಕಲ್ಲಿಗೂ ಹೆಸರು ಹಾಕಿಸಿದ ಪುಣ್ಯಾತ್ಮರು ಈ ಭೂಮಿಯ ಮೇಲೆ ನಮ್ಮ ಮಾವ ಒಬ್ಬರೇ ಇರಬೇಕು. ಅದೂ ಬಟ್ಟಲು ಕಂಡಲ್ಲಿ. 'ಮುರಗೋಡದ ಈರಬಸಪ್ಪ ಇವರು ಮಗಳು ಶಟ್ಟೆವ್ವಗೆ ಕೊಟ್ಟದ್ದು' ಎಂದು ಸಾಲು ಸ್ಪಷ್ಟವಾಗಿತ್ತು. ಸಾಲಿನ ಕೆಳಗೆ, ಇನ್ನೂ ಉಳಿದಿದ್ದ ಎಮ್‌ಸೀಲಿನ ಅಂಚಿಗೆ ಸರಿಯಾಗಿ, ಒಂದು ಚುಕ್ಕೆ ಉಳಿದವಕ್ಕಿಂತ ಆಳವಾಗಿತ್ತು. ರಸೂಲಸಾಬರು ಬಟ್ಟಲನ್ನು ಬಿಸಿಲಿಗೆ ಹಿಡಿದರು. ಆ ಚುಕ್ಕೆಯಿಂದ ಬೆಳಕು ಬಂತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಇಷ್ಟು ವರ್ಷ ನಾವು ತೂತಿನ ಮೇಲೆ ಮೆತ್ತುತ್ತ ತೂತು ಹುಡುಕಿದ್ದೆವು. ಹೆಸರು ಹಾಕುವವನು ಪೂರ್ಣವಿರಾಮ ಇಡಲು ಹೋಗಿ ಜೋರಾಗಿ ಬಡಿದು ಬಟ್ಟಲು ಒಡೆದಿದ್ದ. ಅಂದರೆ ಗಾಡಿ ನಮ್ಮ ಮನೆಗೆ ಬರುವ ಮೊದಲೇ ಸೋರುತ್ತಿತ್ತು. ಅಂದರೆ ಕುದುರೆಯನ್ನು ಕತ್ತೆ ಮಾಡಿದವನು ನಾನಲ್ಲ. ನನಗಾದ ಸಂತೋಷಕ್ಕೆ ರಸೂಲಸಾಬರಿಗೆ ಎರಡು ಸಲ ಚಹಾ ಹೇಳಿದೆ.

ಅವರು ಉಳಿದ ಎಮ್‌ಸೀಲನ್ನೂ ಕೆತ್ತಲು ಕೈ ಹಾಕಿದರು.

"ಸಾಕ, ಇಡ್ರಿ" ಎಂದೆ. "ಇದು ಇದ್ದಂಗ ಇರಲಿ. ಇದು ಪುರಾವೆ. ಮುರಗೋಡದಾಗ ತೋರಸೂದೈತಿ."

"ಮತ್ತ ಗಾಡಿಗೆ ಏನ ಹಾಕೂದು, ನಿಮ್ಮ ಪುರಾವೆ ಕಿಸೆದಾಗ ಹೋದ ಮ್ಯಾಲ?"

ಗುಜರಿಯ ಡಬ್ಬಿಯಿಂದ ಅದೇ ಅಳತೆಯ ಬೇರೆ ಬಟ್ಟಲೊಂದನ್ನು ಹುಡುಕಿ ಹಾಕಿದರು. ಶಟ್ಟೆವ್ವನ ಅಪ್ಪಣೆ ನೆನಪಾಗದೆ ಇರಲಿಲ್ಲ. ಆದರೆ ಬಟ್ಟಲು ಗಾಡಿಯ ಹೊಟ್ಟೆಯಡಿ ಇರುತ್ತದೆ, ಯಾರು ಬಗ್ಗಿ ನೋಡುತ್ತಾರೆ?

ಆಮೇಲೆ ರಸೂಲಸಾಬರು ಟ್ಯೂನಿಂಗಿಗೆ ಕುಳಿತರು. ಅವರು ಟ್ಯೂನಿಂಗಿಗೆ ಕುಳಿತರೆಂದರೆ ಯರಗಟ್ಟಿಯ ಆ ಭಾಗ ಬಾಯಿ ಮುಚ್ಚಬೇಕು. ಪಕ್ಕದ ಅಂಗಡಿಯ ರೇಡಿಯೋ ಬಂದ್ ಮಾಡಿಸಿದರು. ಚಹಾದವನಿಗೆ ಕಪ್ಪು ಬಸಿ ಬಡಿಯಬೇಡ ಎಂದರು. ಬೆಳಗಾವಿ ಬಸ್ಸಿಗೆ ಹಾರ್ನ್ ಹಾಕಬೇಡ ಎಂದು ಬೈದರು, ಅದು ಮಾತ್ರ ಕೇಳಲಿಲ್ಲ. ಸ್ಕ್ರೂಡ್ರೈವರಿನ ಮೊನೆಯನ್ನು ಗಾಳಿಯ ಸ್ಕ್ರೂವಿಗೆ ಹಚ್ಚಿ, ಕಣ್ಣು ಮುಚ್ಚಿ, ಕೂದಲಿನಷ್ಟು ಬಿಚ್ಚಿದರು, ಕೂದಲಿನಷ್ಟು ಬಿಗಿದರು. ಗಾಡಿ ಮೊದಲು ಕೆಮ್ಮಿತು. ಆಮೇಲೆ ಗೊಣಗಿತು. ಆಮೇಲೆ ಒಮ್ಮೆಲೇ ಹದ ಹಿಡಿದು, ಉಂಡು ಮಲಗಿದ ಎಮ್ಮೆ ಮೆಲುಕು ಹಾಕಿದಂತೆ ಒಂದೇ ಲಯದಲ್ಲಿ ನಿಂತಿತು. ಅವರು ನನ್ನ ಕಡೆ ನೋಡಲೂ ಇಲ್ಲ. "ಹೊಗಳಬ್ಯಾಡ್ರಿ, ನನಗ ಗೊತ್ತೈತಿ" ಎಂದರು.

ಕುಬಸದ ದಿನ ಶಟ್ಟೆವ್ವ ಇಳಕಲ್ ಸೀರೆಯುಟ್ಟು, ಉಡಿಯ ಸಾಮಾನಿನ ಚೀಲ ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತಳು. ಟಾಕಿಯ ನಳವನ್ನು ಪೂರ್ತಿ ತಿರುವಿದೆ. ಗಾಡಿ ಬೆಣ್ಣೆಯಲ್ಲಿ ಚೂರಿ ಇಳಿದಂತೆ ಹೋಗುತ್ತಿತ್ತು. ಯರಗಟ್ಟಿ ದಾಟುವಾಗ ಹಿಂದಿನಿಂದ ಕೇಳಿದಳು.

"ಏನ್ರಿ, ಪೆಟ್ರೋಲಿನ ವಾಸನಿ ಬರವಲ್ದು."

"ನೆಟ್ಟಗ ಮಾಡಸೇನಿ."

"ಏನ ಮಾಡಸೀರಿ?"

"ಟ್ಯೂನಿಂಗ್."

ಆಕೆ ಸುಮ್ಮನಾದಳು. ಶಟ್ಟೆವ್ವ ಸುಮ್ಮನಾದಾಗ ಒಳಗೆ ಏನೋ ನಡೆದಿರುತ್ತದೆ. ಆದರೆ ಮುಂದೆ ಏರು ಕಾದಿತ್ತು, ನನಗೆ ಅದರದೇ ಧ್ಯಾನ.

ಪರಪ್ಪ ನಮ್ಮ ದಾರಿಯನ್ನೇ ಕಾಯುತ್ತ ಕಟ್ಟೆಯ ಮೇಲೆ ನಿಂತಿದ್ದ. ನೂಕಲು ಅಂಗಿಯ ತೋಳು ಮಡಚಿಕೊಂಡೇ ನಿಂತಿದ್ದ. ಗಾಡಿ ಒಂದು ಸಲವೂ ಉಸಿರು ಕಟ್ಟದೆ ಏರು ಹತ್ತಿ, ಅವನ ಕಾಲ ಬುಡದಲ್ಲಿ ನಿಂತಿತು. ನಾನು ಇಂಜಿನ್ನು ಬಂದ್ ಮಾಡಲಿಲ್ಲ. ಇಳಿದು, ಸ್ಟ್ಯಾಂಡ್ ಹಾಕಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಅವನ ಮನೆಯವರೆಲ್ಲರ ಕುಶಲ ಕೇಳಿದೆ. ಅಷ್ಟೊತ್ತೂ ಗಾಡಿ ಮೆಲುಕು ಹಾಕುತ್ತಲೇ ಇತ್ತು. ಪರಪ್ಪ ಬಗ್ಗಿ ನೆಲ ನೋಡಿದ. ಒಂದು ಹನಿಯೂ ಬಿದ್ದಿರಲಿಲ್ಲ.

"ಪರವಾಗಿಲ್ಲ ಮಾಮಾ, ಕಡಿಗೂ ಕಲತೀರಿ" ಎಂದ.

ಇಷ್ಟಕ್ಕೆ ಸುಮ್ಮನಿದ್ದರೆ ನಾನು ಗೆದ್ದು ಮನೆಗೆ ಬರುತ್ತಿದ್ದೆ. ಆದರೆ 'ಕಲತೀರಿ' ಎಂಬ ಆ ಮಾತು ನನಗೆ ಹೋಳಿಗೆಯ ತುಪ್ಪದಲ್ಲೂ ಕಹಿಯಾಗಿ ಹತ್ತಿತು. ಉಡಿ ತುಂಬಿ, ಆರತಿ ಮಾಡಿ, ಊಟವೂ ಆಗಿ, ಬೀಗರು ಬಿಜ್ಜರು ಎಲೆ ಅಡಿಕೆ ಹಾಕಿಕೊಳ್ಳುತ್ತ ಪಡಸಾಲೆಯಲ್ಲಿ ಕುಳಿತಿದ್ದರು. ಹಸಿರು ಸೀರೆಯಲ್ಲಿ ಮಂಜುಳಾ ನಡುವೆ ಇದ್ದಳು, ಸುತ್ತಲೂ ಹೆಂಗಸರು. ನಾನು ಎದ್ದು ನಿಂತು ಕಿಸೆಯಿಂದ ಬಟ್ಟಲು ತೆಗೆದೆ.

"ಇಷ್ಟ ವರ್ಷ ಗಾಡಿ ಯಾಕ ಸೋರತಿತ್ತು ಅನ್ನೂದು ಇವತ್ತ ಹೇಳತೇನಿ" ಎಂದೆ. "ನಾ ಇಟಗೊಂಡಿದ್ದ ತಪ್ಪಲ್ಲ. ಕೊಡೂಮುಂದ ನಿಮ್ಮಪ್ಪ ಇದರ ಮ್ಯಾಲ ಹೆಸರು ಹಾಕಿಸ್ಯಾರ. ಹೆಸರು ಹಾಕಾಂವ ಬಡದಾನ, ಬಟ್ಟಲಾ ತೂತ ಬಿದ್ದೈತಿ. ತಗೋ ಪರಪ್ಪಾ, ಬೆಳಕಿಗೆ ಹಿಡದ ನೋಡ."

ಪರಪ್ಪ ಹಿಡಿದು ನೋಡಿದ. ಅಪ್ಪನ ಹೆಸರು ಓದಿದ. ತೂತಿನಿಂದ ಬೆಳಕು ಅವನ ಕಣ್ಣಿಗೇ ಬಿತ್ತು. ಅವನ ಮುಖ ಸಣ್ಣದಾಯಿತು. ಇದೇ ಗಳಿಗೆಗಾಗಿ ನಾನು ಇಷ್ಟು ವರ್ಷ ಕಾದಿದ್ದೆ, ಆದರೆ ಅದು ಬಂದಾಗ ನಾನು ಅಂದುಕೊಂಡಷ್ಟು ರುಚಿಯಾಗಿರಲಿಲ್ಲ. ತೀರಿಹೋದ ಮಾವನ ಹೆಸರನ್ನು ಕುಬಸದ ಮನೆಯಲ್ಲಿ ಹಿಡಿದು ಆಡಿಸಿದೆನಲ್ಲ ಎಂದು ಒಳಗೇ ಚುರುಕ್ಕೆಂದಿತು.

ಶಟ್ಟೆವ್ವ ಎದ್ದು ಬಂದು ತಮ್ಮನ ಕೈಯಿಂದ ಬಟ್ಟಲು ಇಸಿದುಕೊಂಡಳು.

"ಇದು ನಿಮ್ಮ ಕಿಸೆದಾಗ ಯಾಕ ಐತಿ? ಗಾಡಿಗೆ ಏನ ಹಾಕೀರಿ?"

ಆಕೆ ಉತ್ತರಕ್ಕೆ ಕಾಯಲಿಲ್ಲ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಅಲ್ಲೇ ಕುಳಿತು, ಬಟ್ಟಲಿನ ಮೇಲೆ ಉಳಿದಿದ್ದ ಎಮ್‌ಸೀಲನ್ನು ಕೆದರತೊಡಗಿದಳು. ಹಳೆಯದಾಗಿ ಒಣಗಿದ್ದ ಅದು ಹಕ್ಕಳೆಯಂತೆ ಎದ್ದು ಬಂತು. ಅದರಡಿಯಲ್ಲಿ ಎರಡನೆಯ ಸಾಲಿತ್ತು. ಸಾಲು ಎಂದರೆ ಒಂದೇ ಶಬ್ದ. ಹೆಂಗಸರೆಲ್ಲ ತಲೆಗೆ ತಲೆ ತಾಗಿಸಿ ಬಗ್ಗಿದರು. ಶಟ್ಟೆವ್ವ ಅದನ್ನು ಓದಲಿಲ್ಲ, ಮಂಜುಳಾಳ ಮುಂದೆ ಹಿಡಿದಳು.

"ಹಣಮಂತಪ್ಪ" ಎಂದು ಓದಿದಳು ಮಂಜುಳಾ. "ಅತ್ತೀ, ಇದು ಮಾಮಾನ ಹೆಸರು. ತೂತು ಇದರಾಗ ಐತಿ."

ಪೂರ್ಣವಿರಾಮವಲ್ಲ. ಅದು ನನ್ನ ಹೆಸರಿನ ಮೊದಲ ಅಕ್ಷರದ ನೆತ್ತಿಯ ಚುಕ್ಕೆಯಾಗಿತ್ತು.

"ಅಪ್ಪ ಹಾಕಿಸಿದ್ದು ಮ್ಯಾಲಿನ ಸಾಲ ಅಷ್ಟ" ಎಂದಳು ಶಟ್ಟೆವ್ವ. ಯಾರ ಮುಖವನ್ನೂ ನೋಡದೆ ಬಟ್ಟಲಿಗೇ ಹೇಳುವಂತೆ ಹೇಳಿದಳು. "ಬೈಲಹೊಂಗಲದಾಗ ಲಗ್ನದ ಬಾಂಡೆ ತಗೊಂಡಿದ್ವಿ. ಗಾಡಿನೂ ಅವತ್ತ ತಂದಿದ್ದು. ಎಲ್ಲಾದಕ್ಕೂ ಹೆಸರ ಹಾಕಸೇನಿ, ಇದಕ್ಕೂ ಹಾಕ ಅಂದ ಅಪ್ಪ. ಟಾಕಿ ಮ್ಯಾಲ ಬಡದ್ರ ಬಣ್ಣಾ ಹೋಗತೈತಿ ಅಂತ, ಗಾಡಿ ಗೋಣಿಚೀಲದ ಮ್ಯಾಲ ಅಡ್ಡ ಮಲಗಿಸಿ ಈ ಬಟ್ಟಲಾ ಹುಡಕಿದ್ರು. ಹಾಕಿದ ಮ್ಯಾಲ ಅಪ್ಪ ಚಹಾಕ್ಕ ಹೋದ. ಕೊಡ, ತಾಟು, ತಂಬಗಿ, ಎಲ್ಲಾದರ ಮ್ಯಾಲೂ ಅಪ್ಪನ ಹೆಸರು, ನನ್ನ ಹೆಸರು. ಇವರದ ಎಲ್ಲೂ ಇರಲಿಲ್ಲ. ಲಗ್ನ ಆದಮ್ಯಾಲ ಬಾಯಿಲೆ ಅನ್ನೂ ಹಂಗಿಲ್ಲ. ಒಂದ ಕಡಿಗರೆ ಇರಲಿ ಅಂತ ನಾನ ಹಾಕಸಿದ್ನಿ."

ಪಿನ್ನನ್ನು ಮತ್ತೆ ಬಳೆಗೆ ಸಿಕ್ಕಿಸಿಕೊಂಡಳು.

"ಹೆಸರು ಹಾಕಾಂವ ಹಗೂರಕ ಬಡ್ಯಾಕ ಹತ್ತಿದ್ದ. ಒತ್ತಿ ಹಾಕಪಾ, ಇದೊಂದ ಹೆಸರು ಅಳಸಬಾರದು ಅಂದ್ನಿ. ಒತ್ತಿ ಹಾಕಿದ."

ಆಮೇಲೆ ಪರಪ್ಪನ ಮುಖ ಮೊದಲಿನಷ್ಟೇ ಅಗಲವಾಯಿತು.

"ಅಂದ್ರ ಮಾಮಾ, ಇಷ್ಟ ವರ್ಷ ಸೋರಿದ್ದು ನಮ್ಮ ಗಾಡಿ ಅಲ್ಲ. ನಿಮ್ಮ ಹೆಸರು."

ಪಡಸಾಲೆ ಹಾರಿಹೋಗುವಂತೆ ನಕ್ಕರು. ಹೆಂಗಸರು ಶಟ್ಟೆವ್ವನನ್ನು ಹಿಡಿದುಕೊಂಡು ಒಡಪು ಹಾಕಿ ಗಂಡನ ಹೆಸರು ಹೇಳೆಂದು ಕಾಡಿದರು. "ಅದರಾಗ ಬರದೈತಿ, ಓದಕೋರಿ" ಎಂದು ಆಕೆ ಬಟ್ಟಲನ್ನು ಸೆರಗಿಗೆ ಕಟ್ಟಿಕೊಂಡಳು. ನನಗೆ ನಾಚಿಕೆಯಾಗಿತ್ತು, ಅದರ ಜೊತೆಗೇ ಹಿಗ್ಗೂ ಆಗಿತ್ತು. ಹೆಸರು ಹಾಕಿಸುವ ಹೊತ್ತಿಗೆ ಅವಳು ನನ್ನನ್ನು ನೋಡಿದ್ದು ಒಂದೇ ಸಲ, ಅದೂ ನಾವು ಹೆಣ್ಣು ನೋಡಲು ಹೋದಾಗ ಚಹಾದ ತಾಟಿನ ಮೇಲಿಂದ. ಅಷ್ಟಕ್ಕೇ ಒತ್ತಿ ಹಾಕು ಅಂದಿದ್ದಳು. ಕುಳಿತಲ್ಲಿಂದ ತಲೆ ಎತ್ತಲಾಗದೆ ಅಡಿಕೆ ಕತ್ತರಿಸುತ್ತ ಕೂತೆ, ಅಲ್ಲಿದ್ದವರಿಗೆಲ್ಲ ಸಾಕಾಗುವಷ್ಟು ಕತ್ತರಿಸಿದೆ.

ತಿರುಗಿ ಬರುವಾಗ ಯರಗಟ್ಟಿಯಲ್ಲಿ ಆಕೆ ಗಾಡಿ ನಿಲ್ಲಿಸಲು ಹೇಳಿದಳು. ಸೆರಗು ಬಿಚ್ಚಿ ಬಟ್ಟಲನ್ನು ರಸೂಲಸಾಬರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಎರಡೂ ಸಾಲು ಓದಿ, ನನ್ನನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿದರು.

"ವೆಲ್ಡಿಂಗ್ ಮಾಡಿದ್ನಿ ಅಂದ್ರ ತೂತು ಕಾಯಂ ಬಂದಾಗತೈತಿ, ಆದ್ರ ಹೆಸರು ಕರಗಿ ಹೋಗತೈತಿ" ಎಂದರು. "ಹೆಸರು ಬೇಕಂದ್ರ ಒಳಗಿಂದ ಒಂದೀಟ ಸೀಲ್ ಹಚ್ಚತೇನಿ. ನಾಕ ದಿನ ತಡೀತೈತಿ, ಮತ್ತ ಸೋರತೈತಿ. ಇಲ್ಲಾ, ಈಗ ಹಾಕಿದ್ದ ಬಟ್ಟಲಾ ಇರಲಿ. ಗಾಡಿ ಫಸ್ಟ್ ಕ್ಲಾಸ್ ಓಡಾಕ ಹತ್ತೈತಿ. ಹೇಳ್ರಿ."

ಶಟ್ಟೆವ್ವ ರಸ್ತೆಯ ಬಸ್ಸುಗಳನ್ನು ನೋಡುತ್ತ ನಿಂತಳು. ಅಪ್ಪಣೆ ಕೊಡಬೇಕಾದಲ್ಲಿ ಆಕೆ ಸುಮ್ಮನಿದ್ದದ್ದು ನಾನು ಕಂಡಂತೆ ಅದೇ ಮೊದಲು.

"ಒಳಗಿಂದ ಹಚ್ಚರಿ ಸಾಬರ" ಎಂದೆ. "ಹೊರಗ ಏನೂ ಮೆತ್ತಬ್ಯಾಡ್ರಿ."

"ಮತ್ತ ಸೋರತೈತಿ, ಹೇಳೇನಿ. ಆಮ್ಯಾಲ ರಸೂಲಸಾಬನ ಟ್ಯೂನಿಂಗಿಗೆ ಹೆಸರಿಡಬಾರದು."

"ಸೋರಲಿ."

ಸೋರಿತು. ಪಂಚಮಿಗೆ ಮುರಗೋಡಕ್ಕೆ ಹೊರಟಾಗ ನಾನು ಟಾಕಿಯ ನಳವನ್ನು ಮತ್ತೆ ಅರ್ಧವೇ ತಿರುವಿದ್ದೆ. ಅದೇ ಏರಿನ ನಡುವೆ ಗಾಡಿ ಮೊದಲು ಕೆಮ್ಮಿತು, ಆಮೇಲೆ ಕುಂತಿತು. ಕರಾರಿನ ಪ್ರಕಾರ ಇನ್ನು ಗಾಡಿ ಪರಪ್ಪನದು. ಕಟ್ಟೆಯಿಂದ ಅವನು ಇಳಿದು ಬರುವುದನ್ನು ಕಂಡು ನಾನು ಕಾಲು ಕೆಳಗೆ ಇಟ್ಟೆ.

"ಇಳೀಬ್ಯಾಡ್ರಿ ಮಾಮಾ" ಎಂದ ಪರಪ್ಪ, ತೋಳು ಮಡಚುತ್ತ. "ಅಕ್ಕಾ, ನೀನೂ ಕುಂದರ."

ನಾವಿಬ್ಬರೂ ಕುಳಿತೇ ಇದ್ದೆವು. ಅವನು ಹಿಂದಿನಿಂದ ಏದುಸಿರು ಬಿಡುತ್ತ ನೂಕಿಕೊಂಡು ಹೋಗಿ ಮನೆಯ ಮುಂದೆ ನಿಲ್ಲಿಸಿದ. ಕತ್ತೆಯ ಮಾತು ತೆಗೆಯಲಿಲ್ಲ. ಬಗ್ಗಿ ಬಟ್ಟಲಿನಡಿ ಬೆರಳಿಟ್ಟು, ಬಿದ್ದ ಹನಿಯನ್ನು ತನ್ನ ಧೋತರಕ್ಕೆ ಒರೆಸಿಕೊಂಡು, ಚಹಾ ಇಡಲು ಒಳಗೆ ಕೂಗಿ ಹೇಳಿದ.